ಆನ್‌ಲೈನ್ ಕ್ಲಾಸಲ್ಲಿ ಮಕ್ಕಳು ತಮ್ಮತಮ್ಮಲ್ಲೇ ಮಾತಾಡಬೇಕೇ? ಹೀಗೆ ಮಾಡಿ

‘ಅರ್ಥ ಆಯ್ತಾ?’ ಅಂತ ಕೇಳುತ್ತೇವೆ. ಚಾಟ್‌ನಲ್ಲಿ ಸಾಲಾಗಿ ‘ಎಸ್ ಮಿಸ್’ ಬರುತ್ತದೆ. ಮುಂದಿನ ಪಾಠಕ್ಕೆ ಹೋಗುತ್ತೇವೆ. 2020ರಿಂದ ಈಚೆಗೆ ನಾನು ಕೂತು ನೋಡಿದ ಎಷ್ಟೋ ಕ್ಲಾಸುಗಳು ಕೆಟ್ಟಿದ್ದು ಇಲ್ಲೇ. ಇನ್ನು ಕೆಲವರು ‘ಚರ್ಚೆ ಮಾಡಿ’ ಅಂತ ಹೇಳಿ ಮಕ್ಕಳನ್ನು ಬ್ರೇಕ್‌ಔಟ್ ರೂಮಿಗೆ, ಅಂದರೆ ಅದೇ ಆ್ಯಪ್‌ನಲ್ಲಿ ಸಣ್ಣ ಗುಂಪುಗಳಿಗಿರುವ ಬೇರೆ ಬೇರೆ ಕೋಣೆಗಳಿಗೆ, ಕಳಿಸಿಬಿಡುತ್ತಾರೆ. ಒಳಗೆ ಹೋಗಿ ನೋಡಿದರೆ ಎಲ್ಲರೂ ಮ್ಯೂಟ್. ಮಕ್ಕಳ ತಪ್ಪಲ್ಲ ಅದು. ಮಾತಾಡಲು ನಾವು ಅವರಿಗೆ ಏನೂ ಕೊಟ್ಟಿರುವುದಿಲ್ಲ.

ಪಿಯುಸಿ ಫಿಸಿಕ್ಸ್ ಪಾಠವನ್ನೇ ಇಟ್ಟುಕೊಂಡು ಹೇಳುತ್ತೇನೆ.

1. ಪಾಠದ ವಿಡಿಯೊ, ನೋಟ್ಸ್ ಹಿಂದಿನ ದಿನವೇ ಕಳಿಸಿ.

2. ಮಕ್ಕಳು ಎಡವುವಂಥ ಒಂದೇ ಒಂದು ಪ್ರಶ್ನೆ ಆರಿಸಿ. ‘ಕಲ್ಲನ್ನು ನೆಟ್ಟಗೆ ಮೇಲಕ್ಕೆ ಎಸೆದಿದ್ದೀರಿ. ತುತ್ತತುದಿಯಲ್ಲಿ ಅದರ ವೇಗೋತ್ಕರ್ಷ (ವೇಗ ಬದಲಾಗುವ ದರ) ಎಷ್ಟು?’ ತುಂಬಾ ಮಕ್ಕಳು ಸೊನ್ನೆ ಅನ್ನುತ್ತಾರೆ. ಸೊನ್ನೆ ಆಗುವುದು ವೇಗ. ವೇಗೋತ್ಕರ್ಷ ಆಗಲೂ ಕೆಳಮುಖವಾಗಿ ಸೆಕೆಂಡಿನ ವರ್ಗಕ್ಕೆ 9.8 ಮೀಟರ್ ಇದ್ದೇ ಇರುತ್ತದೆ. ಪುಸ್ತಕ ತೆರೆದರೆ ಸಿಗುವ ಉತ್ತರದ ಬಗ್ಗೆ ಯಾರೂ ಮಾತಾಡುವುದಿಲ್ಲ, ಅಲ್ವಾ?

3. ಮೊದಲು ಒಬ್ಬೊಬ್ಬರೇ ಪೋಲ್‌ನಲ್ಲಿ ಉತ್ತರ ಒತ್ತಲಿ. ಫಲಿತಾಂಶ ತೋರಿಸಲೇಬೇಡಿ. ತೋರಿಸಿದರೆ ಎಲ್ಲರೂ ಜಾಸ್ತಿ ಓಟು ಬಿದ್ದ ಕಡೆ ವಾಲುತ್ತಾರೆ. ಹಾರ್ವರ್ಡ್‌ನಲ್ಲಿ ಫಿಸಿಕ್ಸ್ ಕಲಿಸುವ ಎರಿಕ್ ಮಜೂರ್ 1991ರಲ್ಲಿ ಶುರು ಮಾಡಿದ ಪದ್ಧತಿ ಇದು: ಒಬ್ಬರೇ ಯೋಚಿಸಿ ಉತ್ತರ ಕೊಡು, ಪಕ್ಕದವರ ಜತೆ ವಾದ ಮಾಡು, ಮತ್ತೆ ಉತ್ತರ ಕೊಡು. ಮೊದಲ ಸಲ ಸುಮಾರು 30ರಿಂದ 70 ಶೇಕಡಾ ಮಕ್ಕಳು ಸರಿ ಹೇಳಿದ್ದರೆ ಚರ್ಚೆ ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಸ್ವಲ್ಪ ಪಾಠ ಮಾಡಿ, ಆಮೇಲೆ ರೂಮಿಗೆ ಕಳಿಸಿ.

ಗಡಿಯಾರ ಓಡಿಸಿ, ಮೊದಲು ಒತ್ತಿದವರಿಗೆ ಜಾಸ್ತಿ ಅಂಕ ಕೊಡುವ ಕ್ವಿಜ್ ಆ್ಯಪ್‌ಗಳು ಈ ಕೆಲಸಕ್ಕೆ ಬೇಡವೇ ಬೇಡ. ಅಲ್ಲಿ ಗೆಲ್ಲುವುದು ನೆಟ್‌ವರ್ಕ್ ಚೆನ್ನಾಗಿರುವ ಮನೆ.

4. ಈಗ ರೂಮು. ಕೆಲಸ ಕೆಡುವುದು ಇಲ್ಲೇ, ನಿಧಾನವಾಗಿ ಓದಿ.

ಒಂದು ರೂಮಿಗೆ ಮೂರೇ ಜನ. ಇಬ್ಬರಿದ್ದು ಒಬ್ಬರ ನೆಟ್ ಹೋದರೆ ಇನ್ನೊಬ್ಬರು ಒಂಟಿ. ನಾಲ್ವರಾದರೆ ಒಬ್ಬರು ಖಂಡಿತ ಸುಮ್ನೆ ಕೂರುತ್ತಾರೆ. ಆ್ಯಪ್ ತಾನೇ ಗುಂಪು ಮಾಡಿಕೊಡುತ್ತದೆ, ಸುಲಭ. ಆದರೆ ಪ್ರತಿ ಸಲ ಹೊಸ ಮುಖ ಸಿಕ್ಕಿದರೆ ಸಂಕೋಚ ಹೋಗುವುದಿಲ್ಲ. ಒಂದು ತಿಂಗಳು ಅದೇ ಮೂವರು ಇರಲಿ.

ರೂಮಿಗೆ ಹೋದ ಮೇಲೆ ನಿಮ್ಮ ಸ್ಲೈಡ್ ಸಾಮಾನ್ಯವಾಗಿ ಅವರಿಗೆ ಕಾಣುವುದಿಲ್ಲ. ಪ್ರಶ್ನೆಯನ್ನು ಮೊದಲೇ ನೋಟ್‌ಬುಕ್ಕಿಗೆ ಬರೆಸಿಬಿಡಿ. ಯಾರು ಮೊದಲು ಮಾತಾಡಬೇಕು ಅನ್ನುವುದನ್ನೂ ನೀವೇ ಹೇಳಿ, ಹಾಜರಿ ಪಟ್ಟಿಯ ಕ್ರಮ ಸಾಕು. ಇಲ್ಲದಿದ್ದರೆ ‘ನೀನು ಹೇಳು, ನೀನು ಹೇಳು’ ಅನ್ನುವುದರಲ್ಲೇ ಸಮಯ ಮುಗಿಯುತ್ತದೆ. ಒಬ್ಬೊಬ್ಬರೂ ಉತ್ತರದ ಜತೆ ಕಾರಣ ಹೇಳಬೇಕು. ಆರು ನಿಮಿಷ ಕೊಡಿ. ಕೊನೆಗೆ ಮೂವರೂ ಸೇರಿ ಒಂದು ವಾಕ್ಯ ಬರೆದು ತರಬೇಕು.

ನೀವು ರೂಮಿಗೆ ಹೋದಾಗ ಅರ್ಧ ನಿಮಿಷ ಬಾಯಿ ಬಿಡಬೇಡಿ. ಒಮ್ಮೆ ನಾನು ಹಾಗೆ ಸುಮ್ಮನಿದ್ದಾಗ, ಒಬ್ಬಳು ಕ್ಯಾಮೆರಾ ಮುಂದೆ ರಬ್ಬರ್ ಎಸೆದು ತೋರಿಸುತ್ತಿದ್ದಳು. ‘ಮೇಲೆ ವೇಗೋತ್ಕರ್ಷ ಸೊನ್ನೆ ಅಂದ್ರೆ ಅದು ಅಲ್ಲೇ ನಿಂತಿರಬೇಕಲ್ವೇನೋ? ಮತ್ತೆ ಯಾಕೆ ಬಿತ್ತು?’ ಆ ಕಡೆಯ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ‘ಹೌದಲ್ಲೇ’ ಅಂದ. ನಾನು ನಾಲ್ಕು ವರ್ಷ ಬೋರ್ಡ್ ಮೇಲೆ ಬರೆದದ್ದಕ್ಕಿಂತ ಚೆನ್ನಾಗಿತ್ತು ಆ ರಬ್ಬರ್.

5. ವಾಪಸ್ ಬಂದ ಮೇಲೆ ಅದೇ ಪೋಲ್ ಇನ್ನೊಮ್ಮೆ. ‘ಸರಿ ಉತ್ತರ ಯಾವುದು?’ ಅಂತ ಕೇಳಬೇಡಿ. ‘ಯಾರ ಮಾತು ಕೇಳಿ ನಿನ್ನ ಉತ್ತರ ಬದಲಾಯಿತು?’ ಅಂತ ಕೇಳಿ, ಕಾಯಿರಿ. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದೇ ಸೆಕೆಂಡ್ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಆನ್‌ಲೈನಲ್ಲಿ ಅನ್‌ಮ್ಯೂಟ್ ಮಾಡಲೂ ಹೊತ್ತು ಬೇಕು. ಮನಸ್ಸಲ್ಲೇ ಹತ್ತು ಎಣಿಸಿ.

ಕ್ಯಾಮೆರಾ ಹಾಕಿ ಅಂತ ಬಲವಂತ ಮಾಡಬೇಡಿ. ಡೇಟಾ ಪ್ಯಾಕ್ ಬೇಗ ಖಾಲಿಯಾಗುತ್ತದೆ, ಒಂದೇ ಕೋಣೆಯ ಮನೆಯನ್ನು ತೋರಿಸಲು ಎಲ್ಲರಿಗೂ ಇಷ್ಟವಿರುವುದಿಲ್ಲ. ಮೈಕ್ ಇದ್ದರೆ ಸಾಕು.

6. ನೆಟ್ ಹೋಗಿ ತಪ್ಪಿಸಿಕೊಂಡವರಿಗೆ ನೀವು ಉತ್ತರ ಕಳಿಸಬೇಡಿ. ಅದೇ ಗುಂಪಿನ ಉಳಿದಿಬ್ಬರು ಆ ರಾತ್ರಿಯೇ ವಾಟ್ಸ್ಆ್ಯಪ್‌ನಲ್ಲಿ ಒಂದೊಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಲಿ.