ತಿಂಡಿ ಆದ ಮುಕ್ಕಾಲು ಗಂಟೆಗೆ: ಲಕ್ವ, ಶುಗರ್ ಮತ್ತು ನನ್ನ ಅನುಭವ

ಮನೆಮನೆಗೆ ಹೋಗಿ ಫಿಸಿಯೋ ಮಾಡುವ ನಾವೆಲ್ಲ ಬೆಳಿಗ್ಗೆ ಆರೂವರೆಗೇ ಶುರು ಮಾಡುತ್ತೇವೆ, ಅಲ್ವಾ? ಒಂಬತ್ತರೊಳಗೆ ಮೂರು ಮನೆ ಮುಗಿಯುತ್ತವೆ. ಮಂಡ್ಯದಲ್ಲಿ ನಾನೂ ಏಳೆಂಟು ವರ್ಷ ಹಾಗೇ ಮಾಡಿದೆ. ಈಗ ಶುಗರ್ ಇರುವ ಲಕ್ವ ಪೇಷಂಟ್‌ಗಳಿಗೆ ತಿಂಡಿಗೆ ಮುಂಚೆ ವ್ಯಾಯಾಮ ಮಾಡಿಸುವುದೇ ಇಲ್ಲ, ಬೆರಳು ಚುಚ್ಚಿ ಶುಗರ್ ನೋಡಿಯೇ ಶುರು. 'ಫಿಸಿಯೋ ಬಿಟ್ಟು ಲ್ಯಾಬ್ ಇಟ್ಕೊಂಡಿದ್ದಾನೆ' ಅಂತ ಜೊತೆಯವರು ಆಡಿಕೊಂಡರು. ಹಾಗಂದವರಲ್ಲೇ ಇಬ್ಬರ ಬ್ಯಾಗಿನಲ್ಲಿ ಇವತ್ತು ಶುಗರ್ ನೋಡುವ ಗ್ಲುಕೋಮೀಟರ್ ಇದೆ.

ಪಾಠ ಕಲಿಸಿದ್ದು ಒಬ್ಬ ರಿಟೈರ್ಡ್ ಮೇಷ್ಟ್ರು. ಲಕ್ವದಿಂದ ಬಲಗಡೆ ಬಿದ್ದಿತ್ತು, ಶುಗರ್ ಹದಿನೈದು ವರ್ಷದ್ದು. ಒಂದು ಬೆಳಿಗ್ಗೆ ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿಸಿದೆ. ಬೆವರು ಕಿತ್ತುಕೊಂಡು ಬಂತು, ಮಾತು ತೊದಲಿತು, ಬಲಗಾಲು ಪೂರ್ತಿ ಸೋತಿತು. 'ಮತ್ತೆ ಹೊಡೀತು ಡಾಕ್ಟ್ರೇ' ಅಂತ ಅವರ ಹೆಂಡತಿ ಅಳುತ್ತಾ ಸಕ್ಕರೆ ನೀರು ಬಾಯಿಗೆ ಹುಯ್ಯಲು ಬಂದರು. ಅರೆ ಎಚ್ಚರದಲ್ಲಿದ್ದ ಮನುಷ್ಯ, ನುಂಗುವುದೂ ಕಷ್ಟ. ಹುಯ್ದಿದ್ದರೆ ನೇರ ಶ್ವಾಸಕೋಶಕ್ಕೆ ಹೋಗುತ್ತಿತ್ತು. ತಡೆದೆ. ಆಟೋದಲ್ಲಿ ಎರಡು ಬೀದಿ ಆಚೆಯ ಆಸ್ಪತ್ರೆಗೆ ಓಡಿದೆವು. ಲಕ್ವ ಮತ್ತೆ ಹೊಡೆದಿರಲಿಲ್ಲ, ಶುಗರ್ 50ರ ಆಸುಪಾಸಿಗೆ ಕುಸಿದಿತ್ತು. ರಕ್ತನಾಳಕ್ಕೆ ಗ್ಲೂಕೋಸ್ ಹಾಕಿದ ಹತ್ತು ನಿಮಿಷಕ್ಕೆ 'ಸ್ಕೂಲ್ ಬೆಲ್ ಆಯ್ತಾ?' ಅಂದರು. ರಾತ್ರಿ ಸರಿಯಾಗಿ ಊಟ ಮಾಡಿರಲಿಲ್ಲ. ಬೆಳಿಗ್ಗೆ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಮಾತ್ರ ತಪ್ಪದೆ ನುಂಗಿದ್ದರು. ಅದರ ಮೇಲೆ ನನ್ನ ವ್ಯಾಯಾಮ. ಅವತ್ತು ತಪ್ಪು ನನ್ನದೇ.

ಮಾರನೇ ದಿನವೇ ಮೀಟರ್ ಕೊಂಡೆ. ರಕ್ತದ ಹನಿ ಹಾಕುವ ಸ್ಟ್ರಿಪ್ ಒಂದಕ್ಕೆ ಹದಿನೆಂಟೋ ಇಪ್ಪತ್ತೋ ರೂಪಾಯಿ. ನನ್ನ ಫೀಸೇ ಆಗ 350. ಮೊದಲ ಎರಡು ತಿಂಗಳು ಕೈಯಿಂದಲೇ ಸುಮಾರು ನಾಲ್ಕು ಸಾವಿರ ಹೋಯಿತು. ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಸಡಿಲವಾಗಿ ಒಂದು ಡಬ್ಬಿ ಸ್ಟ್ರಿಪ್ ಪೂರ್ತಿ ಹಾಳಾಯಿತು. ಒಂದು ಮನೆಯಲ್ಲಿ 312 ಬಂತು ಅಂತ ಗಾಬರಿಬಿದ್ದೆವು. ಆಮೇಲೆ ನೋಡಿದರೆ ಅಜ್ಜಿ ಆಗಷ್ಟೇ ಮಾವಿನಹಣ್ಣು ತಿಂದು ಕೈ ಒರೆಸಿಕೊಂಡಿದ್ದರು. ಸೋಪು ಹಾಕಿ ತೊಳೆದು ಮತ್ತೆ ಚುಚ್ಚಿದರೆ 170.

ಮೇಷ್ಟ್ರ ಶುಗರ್ ಲೆಕ್ಕ ಬರೆದಿಡುತ್ತಾ ಹೋದ ಮೇಲೆ ಇನ್ನೊಂದು ಕಡೆ ಕಣ್ಣು ಹೋಯಿತು. ನುಂಗಲು ಕಷ್ಟ ಅಂತ ಮನೆಯವರು ಕೊಡುವುದೆಲ್ಲ ಮೆತ್ತಗಿನದೇ. ರವೆ ಗಂಜಿ, ಟೀಯಲ್ಲಿ ಅದ್ದಿದ ಬಿಸ್ಕತ್ತು, ನುಣ್ಣಗೆ ಕಲಸಿದ ಅನ್ನ. ಊಟ ಆಗಿ ಎರಡು ಗಂಟೆಗೆ 300 ದಾಟುತ್ತಿತ್ತು. ಅಷ್ಟಿದ್ದ ದಿನ ನಲವತ್ತು ನಿಮಿಷದ ಸೆಷನ್ನಿನಲ್ಲಿ ಮೂರು ಸಲ ಬಾತ್‌ರೂಮು, ಉಳಿದ ಹೊತ್ತು ತೂಕಡಿಕೆ. ನಾವು 'ಪೇಷಂಟ್‌ಗೆ ಮನಸ್ಸಿಲ್ಲ' ಅಂತ ಬರೆದುಬಿಡುತ್ತೇವೆ. ಮನಸ್ಸಿತ್ತು ಸ್ವಾಮಿ, ಮೈಯಲ್ಲಿ ಕಸುವಿರಲಿಲ್ಲ.

ಗಂಜಿಯ ಜಾಗಕ್ಕೆ ಗಟ್ಟಿ ಹೆಸರುಬೇಳೆ, ಮೊಸರು, ಕಿವುಚಿದ ಮೊಟ್ಟೆ ಬಂತು. ಎಷ್ಟು ಗಟ್ಟಿ ಇರಬೇಕು ಅಂತ, ನುಂಗುವ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್ ಹೇಳಿದರು. ಮಾತ್ರೆ ಬದಲಿಸಿದ್ದು ಡಾಕ್ಟರ್. ನಾನು ಒಂದು ಹಾಳೆಯಲ್ಲಿ ಅಂಕಿ ಬರೆದು ಕಳಿಸುತ್ತಿದ್ದೆ, ಅಷ್ಟೇ. ನನ್ನ ಸೆಷನ್ ತಿಂಡಿ ಆಗಿ ಮುಕ್ಕಾಲು ಗಂಟೆಗೆ ಹೋಯಿತು. ಮಧ್ಯಾಹ್ನ, ರಾತ್ರಿ ಊಟದ ಮೇಲೆ ಮೇಷ್ಟ್ರ ಹೆಂಡತಿ ಅವರ ಸೊಂಟಕ್ಕೆ ಕಟ್ಟಿದ ಬೆಲ್ಟ್ ಹಿಡಿದು ಮಂಚದಿಂದ ಎಂಟು ಹತ್ತು ಸಲ ಏಳಿಸಿ ಕೂರಿಸುತ್ತಿದ್ದರು. ತೊಡೆಯ ಸ್ನಾಯು ಕೆಲಸ ಮಾಡುವಾಗ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತೆ. ಶುಗರ್ 100ಕ್ಕಿಂತ ಕಡಿಮೆ ಇದ್ದರೆ ಮೊದಲು ತಿನ್ನಿಸುತ್ತೇನೆ. 300 ದಾಟಿದರೆ ವ್ಯಾಯಾಮ ಇಲ್ಲ, ಡಾಕ್ಟರ್‌ಗೆ ಫೋನ್. 

ಮೇಷ್ಟ್ರ ಮಗ ಬೆಂಗಳೂರಿನಿಂದ, ತೋಳಿಗೆ ಅಂಟಿಸಿದರೆ ಹಗಲೂ ರಾತ್ರಿ ಶುಗರ್ ತೋರಿಸುವ ಸೆನ್ಸರ್ ತಂದ. ಹದಿನಾಲ್ಕು ದಿನಕ್ಕೆ ಐದು ಸಾವಿರದ ಹತ್ತಿರ. ರಾತ್ರಿ ಎರಡಕ್ಕೆ 60 ಅಂತ ಕೂಗಿಕೊಳ್ಳುತ್ತಿತ್ತು. ಬೆರಳು ಚುಚ್ಚಿದರೆ 130. ಎರಡು ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ಕೊನೆಗೆ ಗೊತ್ತಾಯಿತು, ಅಂಟಿಸಿದ್ದು ಬಿದ್ದ ಕೈಗೆ. ಮೇಷ್ಟ್ರು ಗೊತ್ತಾಗದೆ ಅದರ ಮೇಲೇ ಮಲಗುತ್ತಿದ್ದರು, ಸೆನ್ಸರ್ ಒತ್ತಿಕೊಂಡು ಸುಳ್ಳು ಹೇಳುತ್ತಿತ್ತು. ಅದೇ ಸೆನ್ಸರಿನಲ್ಲಿ ಮುದ್ದೆಯನ್ನೂ ಪರೀಕ್ಷೆ ಮಾಡಿದೆ. ಮೊದಲು ಸೊಪ್ಪಿನ ಪಲ್ಯ, ಆಮೇಲೆ ಅರ್ಧ ಮುದ್ದೆ ಅಂದರೆ ಅಂಕಿ ನಿಧಾನ ಏರುತ್ತಿತ್ತು. ಅದೇ ರಾಗಿ, ತೆಳು ಅಂಬಲಿ ಮಾಡಿಕೊಟ್ಟರೆ ಸರ‍್ರನೆ ಮೇಲೆ.

ಹಾಗಂತ ಶುಗರ್ ಎಷ್ಟು ಇಳಿಸಿದರೆ ಅಷ್ಟು ಒಳ್ಳೆಯದು ಅಂದುಕೊಳ್ಳಬೇಡಿ. 2019ರಲ್ಲಿ ಬಂದ ಅಮೆರಿಕದ ಶೈನ್ ಅಧ್ಯಯನದಲ್ಲಿ, ಸ್ಟ್ರೋಕ್ ಆದ ತಕ್ಷಣ ಇನ್ಸುಲಿನ್ ಡ್ರಿಪ್ ಹಾಕಿ ಶುಗರ್ ಬಿಗಿಯಾಗಿ ಹಿಡಿದವರಿಗೆ ಜಾಸ್ತಿ ಲಾಭ ಆಗಲಿಲ್ಲ, ಲೋ ಶುಗರ್ ಕಾಟ ಮಾತ್ರ ಹೆಚ್ಚಾಯಿತು.

ಮೇಷ್ಟ್ರ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಹತ್ತರ ಮೇಲಿತ್ತು, ನಾಲ್ಕು ತಿಂಗಳಿಗೆ ಏಳೂವರೆಗೆ ಬಂತು. ಮೊದಲ ವಾರ ಒಂದು ಸಲಕ್ಕೆ ನಾಲ್ಕು ಬಾರಿ ಏಳುತ್ತಿದ್ದವರು ಇಪ್ಪತ್ತು ದಾಟಿಸಿದರು. ಐದನೇ ತಿಂಗಳು ಕೋಲು ಹಿಡಿದು ಗೇಟಿನವರೆಗೆ ಒಬ್ಬರೇ ಬಂದು ಪೇಪರ್ ಎತ್ತಿಕೊಂಡರು. ನಾನು ಹಿಂದೆಯೇ ಬೆಲ್ಟ್ ಹಿಡಿದು ನಿಂತಿದ್ದೆ, ಬೇಕಾಗಲಿಲ್ಲ. ಈಗ ಫೀಸ್ 500, ಸ್ಟ್ರಿಪ್ ಮನೆಯವರೇ ತರುತ್ತಾರೆ.