ಚಾಟ್‌ಬಾಟ್ ಹತ್ರ ನೋಟ್ಸ್ ಕೇಳೋ ಬದಲು

ಎಲ್‌ಎಲ್‌ಬಿ, ಬಿಎ ಓದ್ತಿರೋರಿಗೆ ಒಂದು ಮಾತು. ಎಐ ಹತ್ರ "ಬೊಮ್ಮಾಯಿ ಕೇಸ್ ನೋಟ್ಸ್ ಕೊಡು" (ರಾಜ್ಯಗಳಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರೋದರ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು) ಅಂದ್ರೆ ಚೆಂದವಾಗಿ ಎರಡು ಪುಟ ಬರುತ್ತೆ, ತಲೆಗೆ ಏನೂ ಹತ್ತಲ್ಲ. ನಾನು ಮೊದಲು ಪುಸ್ತಕ ಓದ್ತೀನಿ. ಆಮೇಲೆ "ಸಂವಿಧಾನದ 356ನೇ ವಿಧಿ, ಅಂದ್ರೆ ರಾಷ್ಟ್ರಪತಿ ಆಳ್ವಿಕೆ ಬಗ್ಗೆ ಒಂದೊಂದೇ ಪ್ರಶ್ನೆ ಕೇಳು, ನಾನು ಹೇಳೋವರೆಗೂ ಉತ್ತರ ಬಿಡಬೇಡ" ಅಂತ ಟೈಪ್ ಮಾಡ್ತೀನಿ. "ಸರ್ಕಾರದ ಬಹುಮತ ಎಲ್ಲಿ ಸಾಬೀತಾಗಬೇಕು?" ಅಂತ ಕೇಳ್ತು, ನಾನು ರಾಜಭವನ ಅಂದೆ! ಸದನದಲ್ಲಿ ಅನ್ನೋದು ಇನ್ನು ಈ ಜನ್ಮದಲ್ಲಿ ಮರೆಯಲ್ಲ.

ಆದ್ರೆ ಹುಷಾರು. ತೀರ್ಪು 1994ರದ್ದು, 9 ನ್ಯಾಯಮೂರ್ತಿಗಳ ಪೀಠದ್ದು ಅಂತ ಎಐ ಸರಿಯಾಗೇ ಹೇಳ್ತು, ತೀರ್ಪಿನದೇ ಸಾಲು ಅಂತ ಕೊಟ್ಟ ಕೋಟ್ ಮಾತ್ರ ತೀರ್ಪಲ್ಲಿ ಎಲ್ಲೂ ಇರಲಿಲ್ಲ. ಮೂಲ ತೀರ್ಪು ತೆಗೆದು ನೋಡದೆ ಅಸೈನ್‌ಮೆಂಟಿಗೆ ಹಾಕಬೇಡಿ. ಎಐ ಬಳಸಿದ್ರೆ ಮೇಷ್ಟ್ರಿಗೆ ಮೊದಲೇ ಹೇಳಿಬಿಡಿ.