ಹಪ್ಪಳದ ಮೇಲೆ ಅಳೆದ ಅಲೆ

ಮೊದಲ ಸಲ ಹಪ್ಪಳ ಪೂರ್ತಿ ಅರಳಿಬಿಟ್ಟಿತು. ಮೈಕ್ರೋವೇವ್ ಓವನ್ನಿನ ತಟ್ಟೆ ತಿರುಗುತ್ತಲೇ ಇತ್ತಲ್ಲ, ಶಾಖ ಎಲ್ಲ ಕಡೆಗೂ ಹಂಚಿಹೋಗಿತ್ತು. ನನಗೆ ಬೇಕಿದ್ದದ್ದು ಅಲ್ಲಲ್ಲಿ ಮಾತ್ರ ಅರಳಿದ ಹಪ್ಪಳ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ವಿದ್ಯುತ್ಕಾಂತೀಯ ರೋಹಿತ ಅಂದರೆ ಸಾಕು, ಮಕ್ಕಳು ರೇಡಿಯೋ, ಮೈಕ್ರೋವೇವ್, ಅವಕೆಂಪು, ಬೆಳಕು, ಅತಿನೇರಳೆ, ಎಕ್ಸ್‌ರೇ, ಗಾಮಾ ಅಂತ ಏಳೂ ಹೆಸರನ್ನು ಪಟಪಟ ಹೇಳುತ್ತಾರೆ. ಬೆಳಕಿನ ಬಳಗದ ಈ ಏಳು ಅಲೆಗಳಲ್ಲಿ ಒಂದನ್ನಾದರೂ ಸ್ಕೇಲಿನಲ್ಲಿ ಅಳೆದು ತೋರಿಸಬೇಕು ಅಂತ ನನಗೆ ಬಹಳ ದಿನದ ಆಸೆ. ನಮ್ಮ ಸ್ಕೇಲಿಗೆ ಸಿಗುವಷ್ಟು ಉದ್ದದ ಅಲೆ ಅಡುಗೆಮನೆಯ ಓವನ್ನಿನಲ್ಲೇ ಇದೆ.

ಎರಡನೇ ಸಲ ಗಾಜಿನ ತಟ್ಟೆ, ಅದರಡಿಯ ಚಕ್ರ ಎರಡನ್ನೂ ತೆಗೆದೆ. ತಳದಲ್ಲಿ ತಿರುಗುವ ಭಾಗಕ್ಕೆ ತಾಗದೆ ಅದನ್ನು ಮುಚ್ಚುವಂತೆ ಗಾಜಿನ ಬಟ್ಟಲು ಬೋರಲು ಹಾಕಿ, ಮೇಲೆ ಒಂದು ರಟ್ಟು ಇಟ್ಟೆ. ಅದರ ತುಂಬ ಉದ್ದಿನ ಹಪ್ಪಳ ಹರಡಿದೆ. 20 ಸೆಕೆಂಡು ಸಾಕು. ಅಷ್ಟು ಹೊತ್ತೂ ಕಣ್ಣು ಅಲ್ಲೇ ಇರಬೇಕು. ಒಂದೇ ಜಾಗ ಕಾಯುವುದರಿಂದ ಹಪ್ಪಳ ಬೇಗ ಸೀಯುತ್ತದೆ, ರಟ್ಟೂ ಹೊತ್ತಿಕೊಳ್ಳಬಹುದು.

ಬಾಗಿಲು ತೆಗೆದರೆ ಅಲ್ಲಲ್ಲಿ ಬೆಳ್ಳಗೆ ಗುಳ್ಳೆ ಎದ್ದಿತ್ತು. ನಡುವೆ ಹಸಿ ಹಪ್ಪಳ ಹಾಗೇ ಇತ್ತು. ಲೋಹದ ಗೋಡೆಗೆ ಬಡಿದು ವಾಪಸ್ ಬರುವ ಅಲೆ ಎದುರಿನ ಅಲೆಯ ಜೊತೆ ಸೇರಿ ಕೆಲವು ಕಡೆ ಜೋರಾಗುತ್ತದೆ, ಕೆಲವು ಕಡೆ ಅಡಗಿಹೋಗುತ್ತದೆ. ಜೋರಾದ ಎರಡು ಜಾಗಗಳ ನಡುವಿನ ದೂರ ಅರ್ಧ ಅಲೆ.

ಆರು ಜೋಡಿ ಗುಳ್ಳೆ ಅಳೆದೆ. ಪೆಟ್ಟಿಗೆಯೊಳಗೆ ಅಲೆ ಮೂರೂ ದಿಕ್ಕಿಗೆ ಓಡಾಡುವುದರಿಂದ ಅವು ಓರಣವಾಗಿ ಬರುವುದಿಲ್ಲ. ಒಂದು ಕಡೆ 5.5 ಸೆಂ.ಮೀ., ಇನ್ನೊಂದು ಕಡೆ 7. ಸರಾಸರಿ 6.2. ಅಂದರೆ ಪೂರ್ತಿ ಅಲೆ 12.4 ಸೆಂ.ಮೀ. ಓವನ್ನಿನ ಹಿಂಬದಿಯ ಲೇಬಲ್ ಮೇಲೆ 2450 ಮೆಗಾಹರ್ಟ್ಸ್ ಅಂತ ಇತ್ತು, ಅಂದರೆ ಸೆಕೆಂಡಿಗೆ 245 ಕೋಟಿ ಅಲೆ. ಒಂದು ಅಲೆಯ ಉದ್ದವನ್ನು ಅದರಿಂದ ಗುಣಿಸಿದರೆ ಅಲೆಯ ವೇಗ: ಸೆಕೆಂಡಿಗೆ 3,03,800 ಕಿ.ಮೀ. ಬೆಳಕಿನ ವೇಗ 2,99,792! ಪುಸ್ತಕದಲ್ಲಿ ಎಷ್ಟು ಸಲ ಓದಿದ್ದೆನೋ, ಹಪ್ಪಳದಿಂದ ಬಂದಾಗ ಮೈ ಜುಮ್ಮೆಂದಿತು.

ಮಾರನೇ ದಿನ ಆ ಹಪ್ಪಳಗಳನ್ನು ತರಗತಿಗೆ ಒಯ್ದೆ. ಮಕ್ಕಳೇ ಅಳೆದರು, ಮಕ್ಕಳೇ ಗುಣಿಸಿದರು. ವೇಗ ಎಲ್ಲಕ್ಕೂ ಒಂದೇ, ಉದ್ದ ಮಾತ್ರ ಬೇರೆ ಅನ್ನುವುದು ಆಗ ಹಿಡಿತಕ್ಕೆ ಬಂತು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆ ಎಷ್ಟುದ್ದ ಅಂತ ಲೆಕ್ಕ ಹಾಕಿದರು. 490 ಮೀಟರ್. 101.3 ಎಫ್‌ಎಂ ಕಾಮನಬಿಲ್ಲಿನದು ಸುಮಾರು 3 ಮೀಟರ್. ಹಸಿರು ಬೆಳಕಿಗೆ ಬಂದರೆ ಒಂದು ಮಿಲಿಮೀಟರಿನಲ್ಲಿ ಹೆಚ್ಚುಕಡಿಮೆ ಎರಡು ಸಾವಿರ ಅಲೆ ಹಿಡಿಸುತ್ತವೆ.

ಕೊನೆ ಬೆಂಚಿನ ಹುಡುಗನೊಬ್ಬ ಕೇಳಿದ, "ಸರ್, ಬಾಗಿಲಿನಿಂದ ಒಳಗಿನದೆಲ್ಲ ಕಾಣುತ್ತಲ್ಲ, ಮತ್ತೆ ಮೈಕ್ರೋವೇವ್ ಯಾಕೆ ಹೊರಗೆ ಬರಲ್ಲ?" ಬಾಗಿಲಿನ ಗಾಜಿನಲ್ಲಿ ಲೋಹದ ಜಾಲರಿ ಇದೆ, ತೂತು ಒಂದೆರಡು ಮಿಲಿಮೀಟರ್ ಅಂತಷ್ಟೇ ಹೇಳಿದೆ. ಅವನು ಸ್ಕೇಲನ್ನೂ ಹಪ್ಪಳವನ್ನೂ ನೋಡಿದ. "12 ಸೆಂ.ಮೀ. ಅಲೆಗೆ ಅದು ಗೋಡೆ ಸರ್. ಬೆಳಕಿಗೆ ಹೆಬ್ಬಾಗಿಲು."